ಹವಾಮಾನ ಬದಲಾವಣೆಯಿಂದ ಒಂದು ಪ್ರದೇಶದ ಭದ್ರತೆಗಿರುವ ಅಪಾಯವನ್ನು ಅಳೆಯುವ ಬಗೆ

ಹವಾಮಾನ ಬದಲಾವಣೆಯಿಂದ ಒಂದು ಪ್ರದೇಶದ ಭದ್ರತೆಗೆ ಎಷ್ಟು ಅಪಾಯವಿದೆ ಎಂಬ ವರದಿಯನ್ನು ಸಿದ್ಧಪಡಿಸಲು ಹೊರಟವರು ಸಾಮಾನ್ಯವಾಗಿ ತಾಪಮಾನದ ನಕ್ಷೆಯನ್ನು ಮುಂದಿಟ್ಟುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಅಲ್ಲಿನ ಜನರ ಜೀವನೋಪಾಯವನ್ನು. ಮಳೆ ಕಡಿಮೆಯಾದ ಮಾತ್ರಕ್ಕೆ ಯಾರೂ ಆಯುಧ ಹಿಡಿಯುವುದಿಲ್ಲ. ಬೆಳೆಯೋ ಮೇವೋ ಕೈತಪ್ಪಿ, ನೆರವಿಗೆ ಬರಬೇಕಾದ ಆಡಳಿತ ಬಾರದೆ ಹೋಗಿ, ಆ ತೆರವಿನಲ್ಲಿ ಸಶಸ್ತ್ರ ಗುಂಪೊಂದು ಬೇರೂರಿದಾಗ ಬರವು ಭದ್ರತೆಯ ಪ್ರಶ್ನೆಯಾಗುತ್ತದೆ. ಈ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಬರೆದಿಟ್ಟು, ಪ್ರತಿಯೊಂದಕ್ಕೂ ಸಾಕ್ಷ್ಯವಿದೆಯೇ ಎಂದು ಪರೀಕ್ಷಿಸುವುದೇ ಇಲ್ಲಿನ ಮುಖ್ಯ ಕೆಲಸ.

ಮೊದಲಿಗೆ ಅಧ್ಯಯನದ ಎಲ್ಲೆಯನ್ನು ಗೊತ್ತುಮಾಡಿಕೊಳ್ಳಿ. ನೀರಿನ ಪ್ರಶ್ನೆಯಾದರೆ ನದಿಯ ಇಡೀ ಜಲಾನಯನ ಪ್ರದೇಶವೇ ಎಲ್ಲೆ. ಆಹಾರದ ಪ್ರಶ್ನೆಯಾದರೆ ಧಾನ್ಯ ಬರುವ ದೂರದ ದೇಶವೂ ಅದರೊಳಗೆ ಸೇರುತ್ತದೆ: 2010ರ ಬೇಸಿಗೆಯಲ್ಲಿ ಬಿಸಿಗಾಳಿ ಮತ್ತು ಬರದಿಂದ ಬೆಳೆ ನಷ್ಟವಾದಾಗ ರಷ್ಯಾ ಗೋಧಿ ರಫ್ತನ್ನು ನಿಷೇಧಿಸಿತು, ಬೆಲೆಯೇರಿಕೆಯ ಹೊರೆ ಈಜಿಪ್ಟ್‌ನಂತಹ ಆಮದನ್ನು ನೆಚ್ಚಿದ ದೇಶಗಳ ಮೇಲೆ ಬಿತ್ತು.

ಮುಂದಿನ ಹೆಜ್ಜೆ, ಕೊಂಡಿಗಳ ಪರೀಕ್ಷೆ. ಇದಕ್ಕೆ ಹೆಚ್ಚು ಸಮಯ ಕೊಡಿ. ಆಫ್ರಿಕಾದ ಚಾಡ್ ಸರೋವರವು ಬತ್ತಿದ್ದರಿಂದಲೇ ನೈಜೀರಿಯಾದ ಉಗ್ರಗಾಮಿ ಗುಂಪು ಬೊಕೊ ಹರಾಮ್ ಬೆಳೆಯಿತು ಎಂಬ ಮಾತು ಹಲವು ವರದಿಗಳಲ್ಲಿ ಮರುಕಳಿಸುತ್ತದೆ. 1960ರ ದಶಕದಲ್ಲಿ ಸುಮಾರು 25,000 ಚದರ ಕಿಲೋಮೀಟರ್ ಹರಡಿದ್ದ ಸರೋವರ 1980ರ ದಶಕದ ಹೊತ್ತಿಗೆ ಅದರ ಹತ್ತನೇ ಒಂದು ಭಾಗಕ್ಕೆ ಕುಗ್ಗಿದ್ದು ನಿಜ. ಆದರೆ 1990ರ ದಶಕದಿಂದೀಚೆಗೆ ನೀರು ಭಾಗಶಃ ಮರಳಿದೆ, ಸರೋವರ ಸತತವಾಗಿ ಕುಗ್ಗುತ್ತಿಲ್ಲ. ಬೊಕೊ ಹರಾಮ್‌ನ ಸಶಸ್ತ್ರ ದಂಗೆ ಆರಂಭವಾದದ್ದು ಅದರ ನಂತರ, 2009ರಲ್ಲಿ. ಆದ್ದರಿಂದ ಬತ್ತುವಿಕೆಗಿಂತ ಮಳೆಯ ಅನಿಶ್ಚಿತತೆ, ಹಳ್ಳಿಗಳನ್ನು ಕಡೆಗಣಿಸಿದ ಆಡಳಿತ, ಮತ್ತು ನೀರನ್ನು ಹಿಂಬಾಲಿಸಿ ಓಡಾಡುತ್ತಿದ್ದ ಮೀನುಗಾರರು ಹಾಗೂ ದನಗಾಹಿಗಳ ದಾರಿಯನ್ನು ಹಿಂಸೆ ಮುಚ್ಚಿಹಾಕಿದ್ದು ಇಲ್ಲಿ ಹೆಚ್ಚು ಗಟ್ಟಿಯಾದ ಕೊಂಡಿಗಳು. ಯಾವುದೇ ಇಳಿಕೆಯ ಅಂಕಿಯನ್ನು ಕಂಡಾಗ ಅದನ್ನು ಯಾವ ವರ್ಷಕ್ಕೆ ಹೋಲಿಸಲಾಗಿದೆ ಎಂದು ನೋಡದೆ ಬಳಸಬೇಡಿ.

ಬಳಿಕ ಬೇರೆ ಕಾರಣಗಳನ್ನು ತೂಗಿ ನೋಡಬೇಕು. 2011ಕ್ಕೆ ಮುನ್ನ ಸಿರಿಯಾದ ಈಶಾನ್ಯ ಭಾಗದಲ್ಲಿ ತೀವ್ರ ಬರವಿತ್ತು, ರೈತ ಕುಟುಂಬಗಳು ನಗರಗಳತ್ತ ವಲಸೆ ಹೋದವು. ಆದರೆ ಗೋಧಿ ಮತ್ತು ಹತ್ತಿಗಾಗಿ ಅಂತರ್ಜಲವನ್ನು ದಶಕಗಳಿಂದ ಎತ್ತಲಾಗಿತ್ತು, 2008ರಲ್ಲಿ ಡೀಸೆಲ್ ಸಬ್ಸಿಡಿಯ ಕಡಿತದಿಂದ ಪಂಪು ನಡೆಸುವ ಖರ್ಚೂ ಏರಿತ್ತು. ನೆರೆಯ ಜೋರ್ಡಾನ್‌ನಲ್ಲಿಯೂ ಬರವಿತ್ತು; ಅಲ್ಲಿ ಅಂತರ್ಯುದ್ಧ ಹುಟ್ಟಲಿಲ್ಲ. ಒಂದೇ ಹೊಡೆತಕ್ಕೆ ಸಿಕ್ಕ ನೆರೆಹೊರೆಯನ್ನು ಹೀಗೆ ಪಕ್ಕದಲ್ಲಿಟ್ಟು ನೋಡುವುದು ಅವಸರದ ತೀರ್ಮಾನವನ್ನು ತಡೆಯುತ್ತದೆ.

ಗಡಿ ದಾಟುವ ನದಿಯಿದ್ದರೆ ಒಪ್ಪಂದದ ಪಠ್ಯವನ್ನೇ ಓದಿ. ನೀರನ್ನು ಹಂಚಿರುವುದು ಪ್ರಮಾಣದ ಲೆಕ್ಕದಲ್ಲೋ, ಪಾಲಿನ ಲೆಕ್ಕದಲ್ಲೋ, ನದಿಗಳ ಲೆಕ್ಕದಲ್ಲೋ? ಕೊರತೆಯ ವರ್ಷಕ್ಕೆ ಏನು ಹೇಳಿದೆ? ಹರಿವನ್ನು ಅಳೆಯುವವರು ಯಾರು? 1960ರ ಸಿಂಧೂ ಜಲ ಒಪ್ಪಂದವು ಪೂರ್ವದ ಮೂರು ನದಿಗಳನ್ನು ಭಾರತಕ್ಕೂ ಪಶ್ಚಿಮದ ಮೂರನ್ನು ಮುಖ್ಯವಾಗಿ ಪಾಕಿಸ್ತಾನಕ್ಕೂ ಹಂಚಿತು. 1965 ಮತ್ತು 1971ರ ಯುದ್ಧಗಳನ್ನು ದಾಟಿ ಬಂದ ಅದನ್ನು ಅಮಾನತಿನಲ್ಲಿ ಇಡುವುದಾಗಿ ಭಾರತ 2025ರ ಏಪ್ರಿಲ್‌ನಲ್ಲಿ ಘೋಷಿಸಿದ್ದು ಭಯೋತ್ಪಾದಕ ದಾಳಿಯ ನಂತರ, ನೀರಿನ ಕೊರತೆಯಿಂದಲ್ಲ. 1996ರ ಗಂಗಾ ಒಪ್ಪಂದದ ಪ್ರಕಾರ ಪಶ್ಚಿಮ ಬಂಗಾಳದ ಫರಕ್ಕಾ ಅಣೆಕಟ್ಟೆಯಲ್ಲಿ ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಭಾರತ, ಬಾಂಗ್ಲಾದೇಶಗಳಿಗೆ ಸಾಮಾನ್ಯವಾಗಿ ಅರ್ಧರ್ಧ. ಮೂವತ್ತು ವರ್ಷದ ಅದರ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಇಂತಹ ದಿನಾಂಕಗಳನ್ನು ವರದಿಯಲ್ಲಿ ಎದ್ದು ಕಾಣುವಂತೆ ಬರೆಯಿರಿ. ಇರಾನ್ ಮತ್ತು ಅಫ್ಘಾನಿಸ್ತಾನದ ನಡುವಿನ 1973ರ ಹೆಲ್ಮಂದ್ ನದಿ ಒಪ್ಪಂದದಲ್ಲಿ ಕೊರತೆಯ ವರ್ಷಕ್ಕೂ ನಿಯಮವಿದೆ. ಆದರೂ 2023ರಲ್ಲಿ ನೀರಿನ ವಿವಾದ ಬಿಸಿಯೇರಿದ್ದಾಗಲೇ ಗಡಿಯಲ್ಲಿ ಗುಂಡಿನ ಚಕಮಕಿ ನಡೆಯಿತು. ಹರಿವಿನ ಅಳತೆಯನ್ನು ತನ್ನ ತಜ್ಞರು ಖುದ್ದಾಗಿ ನೋಡಬೇಕೆಂಬುದು ಇರಾನ್‌ನ ಬೇಡಿಕೆಗಳಲ್ಲಿ ಒಂದಾಗಿತ್ತು. ಎರಡೂ ಕಡೆ ನಂಬುವ ಅಳತೆಯಿಲ್ಲದಿದ್ದರೆ ನಿಯಮವಿದ್ದೂ ಪ್ರಯೋಜನ ಕಡಿಮೆ.

ಮುನ್ಸೂಚನೆಗೆ ಕೆಲವೇ ಸೂಚಕಗಳು ಸಾಕು: ಬಾವಿಗಳ ನೀರಿನ ಮಟ್ಟ, ಮೇವಿನ ಬೆಲೆ, ಋತುವಿಗೆ ಮುಂಚಿನ ವಲಸೆ, ಒಂದು ಆಡನ್ನು ಮಾರಿದರೆ ಎಷ್ಟು ಧಾನ್ಯ ಸಿಗುತ್ತದೆ ಎಂಬ ಲೆಕ್ಕ. ಕೊನೆಯದು ದನಗಾಹಿ ಪ್ರದೇಶಗಳಲ್ಲಿ ಸಂಕಟವನ್ನು ಬಹಳ ಬೇಗ ತೋರಿಸುತ್ತದೆ.

ಶಿಫಾರಸುಗಳ ಭಾಷೆಯಲ್ಲಿ ಎಚ್ಚರವಿರಲಿ. ಭದ್ರತೆ ಎಂಬ ಪದ ಸೇರಿದೊಡನೆ ವಲಸೆ ಬಂದವರನ್ನೇ ಬೆದರಿಕೆಯೆಂದು ಕಾಣುವ ಅಪಾಯವಿದೆ, ಅದು ನನ್ನನ್ನು ತೀವ್ರವಾಗಿ ಕಾಡುತ್ತದೆ. ಹವಾಮಾನ ಬದಲಾವಣೆಯನ್ನು ಭದ್ರತೆಯ ಪ್ರಶ್ನೆಯಾಗಿ ನೋಡಬೇಕೇ ಎಂಬ ಬಗ್ಗೆ ರಾಷ್ಟ್ರಗಳ ನಡುವೆಯೂ ಒಮ್ಮತವಿಲ್ಲ: ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2007ರಲ್ಲಿ ಮೊದಲ ಬಾರಿಗೆ ಈ ವಿಷಯವನ್ನು ಚರ್ಚಿಸಿತು; 2021ರ ಡಿಸೆಂಬರ್‌ನಲ್ಲಿ ಬಂದ ಕರಡು ನಿರ್ಣಯಕ್ಕೆ ರಷ್ಯಾ ವಿಟೊ ಹಾಕಿತು, ಭಾರತವೂ ವಿರುದ್ಧ ಮತ ನೀಡಿತು. ಆದ್ದರಿಂದ ಪ್ರತಿ ಶಿಫಾರಸು ಯಾವ ಕೊಂಡಿಯನ್ನು ಕಡಿಯುತ್ತದೆ, ಅದನ್ನು ಕೃಷಿ ಇಲಾಖೆ ಮಾಡಬೇಕೋ, ನೀರಾವರಿ ಇಲಾಖೆ ಮಾಡಬೇಕೋ, ಪೊಲೀಸರು ಮಾಡಬೇಕೋ ಎಂದು ಸ್ಪಷ್ಟವಾಗಿ ಬರೆಯಿರಿ. ಪ್ರತಿ ಮಳೆಗಾಲ ಮುಗಿದ ಮೇಲೆ ಸರಪಳಿಯನ್ನು ಮತ್ತೆ ತೆರೆದು, ಸಾಕ್ಷ್ಯ ಕಳೆದುಕೊಂಡ ಕೊಂಡಿಗಳನ್ನು ತೆಗೆದುಹಾಕಿ.