ಬಯಲು ಶಿಲ್ಪಗಳ ದಾಖಲೆ ಹಾಳೆ: ಕಾನೂನು ಸಂಶೋಧನೆಗೆ ಟೇಪು ಹಿಡಿದ ಅನುಭವ

ಹುನಗುಂದ, ಬಾದಾಮಿ ಸೀಮೆಯ ಹಳ್ಳಿಗಳಲ್ಲಿ ಬಯಲಿಗೆ ಬಿದ್ದ ಶಿಲ್ಪಗಳ ದಾಖಲೆಯನ್ನೇ ಕಾನೂನು ಪಿಎಚ್‌.ಡಿ. ಪ್ರಬಂಧದ ಅರ್ಧ ಭಾಗ ಮಾಡುತ್ತೇನೆ ಎಂದಾಗ, "ಇದು ಪುರಾತತ್ವದವ್ರ ಕೆಲಸರೀ, ನೀವು ತೀರ್ಪು ಓದ್ರಿ" ಎನ್ನದವರೇ ಇರಲಿಲ್ಲ. ಕೊನೆಗೆ ಮೌಖಿಕ ಪರೀಕ್ಷೆಯಲ್ಲಿ ಹೊತ್ತು ಹೋದದ್ದೆಲ್ಲ ಆ ಅರ್ಧದ ಮೇಲೆಯೇ. ಆಗ ನಕ್ಕವರ ವಿದ್ಯಾರ್ಥಿಗಳು ಈಗ ಕಲ್ಲೊಂದಕ್ಕೆ ಒಂದರಂತೆ ತುಂಬುವ ದಾಖಲೆ ಹಾಳೆಯ ನಮೂನೆ ಕೇಳಿ ಫೋನು ಮಾಡುತ್ತಾರೆ.

ಸಾಂಸ್ಕೃತಿಕ ವಸ್ತುಗಳ ಕಳ್ಳಸಾಗಣೆ ತಡೆಯುವ 1970ರ ಯುನೆಸ್ಕೊ ಒಡಂಬಡಿಕೆ, 1972ರ ನಮ್ಮ ಪುರಾವಸ್ತು ಕಾಯ್ದೆ ನಿಮಗೆ ಗೊತ್ತಿರುವವೇ. ಭಾರತ ಒಡಂಬಡಿಕೆಗೆ ಸೇರಿದ್ದು 1977ರಲ್ಲಿ. ಕಾಲಿಗೆ ತೊಡರುವುದು 7(ಬಿ) ಕಲಮು: ಕಳುವಾದ ವಸ್ತು ಆ ಮ್ಯೂಸಿಯಂ ಅಥವಾ ಗುಡಿಯ ದಾಖಲೆ ಪಟ್ಟಿಯಲ್ಲಿ ಇತ್ತೆಂದು ತೋರಿಸಬೇಕು. ಅಮೆರಿಕದ 1983ರ ಕಾಯ್ದೆಯಲ್ಲೂ ಅದೇ ಷರತ್ತು. ಬಾದಾಮಿ ಮ್ಯೂಸಿಯಂಗೆ ಪಟ್ಟಿ ಇದೆ. ಅಗಸಿಯ ಪಕ್ಕ ಹನುಮಪ್ಪನ ಕಟ್ಟೆಗೆ ಒರಗಿಸಿಟ್ಟ ವೀರಗಲ್ಲಿಗೆ ಎಲ್ಲಿಯ ಪಟ್ಟಿ? ತಮಿಳುನಾಡಿನಿಂದ ಲಂಡನ್ ಸೇರಿದ್ದ ಕಂಚಿನ ಮೂರ್ತಿ ಪತ್ತೂರು ನಟರಾಜನ ಪ್ರಕರಣವನ್ನು (ಲಂಡನ್, ಮೇಲ್ಮನವಿ ತೀರ್ಪು 1991) ಪಾಳುಬಿದ್ದ ಗುಡಿಯೂ ದಾವೆ ಹೂಡಬಹುದು ಎಂಬ ಮಾತಿಗಾಗಿ ಎಲ್ಲರೂ ಎತ್ತಿಕೊಳ್ಳುತ್ತಾರೆ. ಅದರ ಸಾಕ್ಷ್ಯದ ಭಾಗ ಓದುವವರು ಕಡಿಮೆ. ಇದೇ ಆ ಮೂರ್ತಿ ಎನ್ನಲು ಶೈಲಿ, ಲೋಹ, ಮಣ್ಣು ಎಂದು ತಜ್ಞರನ್ನು ಸಾಲಾಗಿ ನಿಲ್ಲಿಸಬೇಕಾಯಿತು. ಅದಾದರೂ ನೆಲದಡಿ ಹುಗಿದಿದ್ದ ಮೂರ್ತಿ, ಫೋಟೋ ಇರುವ ಮಾತೇ ಇಲ್ಲ. ನಮ್ಮ ಕಲ್ಲುಗಳು ಹಾಡಹಗಲೇ ಬಯಲಲ್ಲಿ ನಿಂತಿವೆ.

ಮೊದಲ ಹಾಳೆಗಳನ್ನು ಕಲಾವಸ್ತುಗಳ ಗುರುತು ಬರೆಯಲು ಹೊರಬಂದ 1997ರ ಆಬ್ಜೆಕ್ಟ್ ಐಡಿ ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತುಂಬಿದೆವು: ಬಗೆ, ವಸ್ತು, ಅಳತೆ, ಬರಹ, ವಿಶೇಷ ಗುರುತು, ವಿಷಯ, ಕಾಲ. ಕಣ್ಣಿಗೆ ಚೆಂದ, ಕೆಲಸಕ್ಕೆ ಬಾರದು. ಕಲ್ಲುಗಳನ್ನು ನೋಡಿರದ ಎಲ್‌ಎಲ್‌.ಎಂ. ಹುಡುಗರಿಗೆ ಹಾಳೆಯ ಬರಹವನ್ನಷ್ಟೇ ಕೊಟ್ಟು, ಇಪ್ಪತ್ತರಷ್ಟು ವೀರಗಲ್ಲುಗಳ ಫೋಟೋ ಮುಂದೆ ಹರವಿ, "ಇದರಾಗ ಯಾವುದು ಹೇಳ್ರಿ" ಎಂದರೆ ಅರ್ಧಕ್ಕರ್ಧ ತಪ್ಪು. ತಪ್ಪದೆ ಇನ್ನೇನು? ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗಪೂಜೆ, ಎರಡು ಬದಿ ಸೂರ್ಯ ಚಂದ್ರ: ಈ ವರ್ಣನೆ ಜಿಲ್ಲೆಯ ಮುಕ್ಕಾಲುಪಾಲು ವೀರಗಲ್ಲುಗಳಿಗೆ ಒಪ್ಪುತ್ತದೆ. ಒಂದು ಪುಟ ಮೂರ್ತಿಶಾಸ್ತ್ರ ಬರೆದರೂ ಕಲ್ಲು ಗುರುತಾಗುವುದಿಲ್ಲ.

ಕೆತ್ತಿದವನು ಮಾಡಿದ್ದನ್ನು ಬಿಟ್ಟು ಆಮೇಲೆ ಕಲ್ಲಿಗೆ ಆದದ್ದನ್ನು ಬರೆಯಲು ಶುರುಮಾಡಿದ ಮೇಲೆ ದಾರಿ ಕಂಡಿತು. ಮುಕ್ಕು, ಸೀಳು, ಯಾರೋ ಕುಡುಗೋಲು ಮಸೆದ ಗೆರೆ, ಬೆಣೆ ಹೊಡೆದ ತೂತು. ಚೌಕಟ್ಟಿನ ಕೆಳಗಿನ ಎರಡು ಮೂಲೆಗಳನ್ನು ಗಟ್ಟಿ ಬಿಂದು ಎಂದು ಹಿಡಿದು, ಪ್ರತಿ ಮುಕ್ಕಿನ ಚೂಪು ತುದಿಗೆ ಎರಡೂ ಕಡೆಯಿಂದ ಮಿಲಿಮೀಟರಿನಲ್ಲಿ ಅಳತೆ. ಒಂದು ಮೂಲೆಯಿಂದ ಅಳೆದರೆ ಸಾಲದು, ತುದಿ ಯಾವ ದಿಕ್ಕಿಗಿದೆ ಎಂಬುದು ಅದರಿಂದ ಸಿಗುವುದಿಲ್ಲ. ಕೆಳಗಿನ ಮೂಲೆ ಹುಗಿದಿದ್ದರೆ ಮೇಲಿನ ಎರಡನ್ನು ಹಿಡಿದು ಹಾಗೆಂದು ಬರೆಯಬೇಕು, ಅಗೆಯಲು ಹೋಗಬಾರದು. ಒಂದು ಕಲ್ಲಿಗೆ ಆರೇಳು ಮುಕ್ಕು ಸಾಕು. ಅದಕ್ಕಿಂತ ಹೆಚ್ಚು ಬರೆದವರು ಸಂಜೆ ಹೊತ್ತಿಗೆ ಅಂಕಿ ಅದಲು ಬದಲು ಮಾಡುತ್ತಾರೆ.

ಇನ್ನೊಂದು ಗುರುತು ನಮ್ಮ ಸೀಮೆಗೇ ಸಿಕ್ಕ ವರ. ಬಾದಾಮಿ ಮರಳುಗಲ್ಲಿನ ಪದರಗಳು ಓರೆಯಾಗಿ ಹಾಯುತ್ತವೆ. ಕೆಂಪು, ಬಿಳಿ ಪಟ್ಟಿಗಳು ದೇವರ ಮುಖವನ್ನೂ ಲೆಕ್ಕಿಸದೆ ಅಡ್ಡ ಹೋಗಿರುತ್ತವೆ. ಆ ಪಟ್ಟಿ ಎಲ್ಲಿ ಚೌಕಟ್ಟನ್ನು ಮುಟ್ಟುತ್ತದೆ, ಎಷ್ಟು ಓರೆ ಎಂದು ಬರೆದರೆ ನಕಲು ಕೆತ್ತುವವನು ಕೈಚೆಲ್ಲಬೇಕು. ಹೊಸ ಹಾಳೆಗಳಿಂದ ಅದೇ ಪರೀಕ್ಷೆ ಮತ್ತೆ ಮಾಡಿಸಿದಾಗ ಹುಡುಗರು ಹೆಚ್ಚುಕಡಿಮೆ ಎಲ್ಲವನ್ನೂ ಸರಿಯಾಗಿ ಹೆಕ್ಕಿದರು. ಎಡವಿದ್ದು ಆಯಿಲ್ ಪೇಂಟ್ ಬಳಿದ ಕಲ್ಲುಗಳಲ್ಲಿ ಮಾತ್ರ. ಅವುಗಳ ಪದರ ಕಾಣುವುದಿಲ್ಲ, ಸಣ್ಣ ಮುಕ್ಕುಗಳೂ ತುಂಬಿಹೋಗಿರುತ್ತವೆ. ಅಂಥವಕ್ಕೆ ಹಿಂಬದಿಯೇ ಗತಿ. ಹಿಂದೆ ಯಾರೂ ಬಣ್ಣ ಬಳಿಯುವುದಿಲ್ಲ.

ಬೆಳಕಿನ ವಿಷಯಕ್ಕೆ ಬಂದರೆ, ಮಧ್ಯಾಹ್ನದ ಬಿಸಿಲಲ್ಲಿ ತೆಗೆದ ಫೋಟೋ ದಂಡ. ಓರೆ ಬೆಳಕೇ ಬೇಕು. ಎರಡು ಕಂಬಳಿ ಹಿಡಿದು ಕತ್ತಲು ಮಾಡಿ, ಟಾರ್ಚನ್ನು ಕಲ್ಲಿನ ಮೈಗೆ ಹದಿನೈದು ಡಿಗ್ರಿಯೊಳಗೆ ತಂದರೆ ಬರಿಗಣ್ಣಿಗೆ ಸಿಗದ ಅಕ್ಷರವೂ ಏಳುತ್ತದೆ. ಎಡಗಡೆಯಿಂದ ಒಂದು, ಮೇಲಿನಿಂದ ಒಂದು. ಎಲ್ಲ ಕಲ್ಲಿಗೂ ಅದೇ ಕ್ರಮ ಇರಲಿ, ಇಲ್ಲದಿದ್ದರೆ ಹೋಲಿಸುವಾಗ ನೆರಳು ಮೋಸ ಮಾಡುತ್ತದೆ. ಅಕ್ಷರ ಕಾಣಲೆಂದು ಹಿಟ್ಟು ತಿಕ್ಕುವ ಹಳೆಯ ಚಾಳಿ ಬಿಡಿ. ಅದು ಇರುವೆಯನ್ನೂ ತೇವವನ್ನೂ ಕರೆದು ತರುತ್ತದೆ. ಅಳತೆಪಟ್ಟಿಯನ್ನು ಫ್ಲೆಕ್ಸ್ ಅಂಗಡಿಯಲ್ಲಿ ಮುದ್ರಿಸಿದ್ದು ಹಣ ಉಳಿಸಲು. ಬಿಸಿಲಿಗೆ ಹಿಗ್ಗಿ ಇಪ್ಪತ್ತು ಸೆಂ.ಮೀ.ಗೆ ಎರಡು ಮಿ.ಮೀ.ಯಷ್ಟು ತಪ್ಪಿತು. ಸ್ಟೀಲ್ ಸ್ಕೇಲು ನೂರು ರೂಪಾಯಿ ಒಳಗೇ ಬರುತ್ತದೆ.

ನಡುವೆ ಮೂರು ಆಯಾಮದ ಮಾದರಿಯ ಹುಚ್ಚೂ ಹಿಡಿಯಿತು. ಕಲ್ಲೊಂದಕ್ಕೆ ಎಪ್ಪತ್ತು ಎಂಬತ್ತು ಫೋಟೋ, ಒಂದರ ಮೇಲೊಂದು ಮುಕ್ಕಾಲುಪಾಲು ಕವಿಯುವಂತೆ, ಮೆಶ್‌ರೂಮ್ ಎಂಬ ಉಚಿತ ಸಾಫ್ಟ್‌ವೇರು. ಹೊಲದಲ್ಲಿ ಒಣಗಿ ನಿಂತ ಕಲ್ಲು ಸೊಗಸಾಗಿ ಬಂತು. ಪೂಜೆಯಲ್ಲಿರುವ ಎಣ್ಣೆಗಪ್ಪಿನ ಕಲ್ಲು ಬರಲೇ ಇಲ್ಲ, ಏಕೆಂದರೆ ಹೊಳಪು ಕ್ಯಾಮೆರಾ ಸರಿದಂತೆಲ್ಲ ಸರಿಯುತ್ತದೆ, ಸಾಫ್ಟ್‌ವೇರಿಗೆ ಒಂದೇ ಬಿಂದು ಎರಡು ಕಡೆ ಸಿಗುವುದಿಲ್ಲ. ಮೋಡದ ದಿನ ತೆಗೆದರೆ ಸ್ವಲ್ಪ ವಾಸಿ. ಪ್ರಬಂಧದ ಪರಿಶಿಷ್ಟಕ್ಕೆ ಚೆಂದ ಕಾಣುತ್ತದೆ ನಿಜ, ನ್ಯಾಯಾಲಯಕ್ಕೆ ಮುಕ್ಕಿನ ಅಳತೆಯೇ ಸಾಕೆಂದು ಕೈಬಿಟ್ಟೆ.

ಕ್ಯಾಮೆರಾಕ್ಕಿಂತ ಕಷ್ಟದ್ದು ಊರವರ ಒಪ್ಪಿಗೆ. "ಪಟ್ಟಿ ಮಾಡೂದ್ಯಾಕ್ರೀ, ಸರಕಾರದವ್ರು ಬಂದು ಒಯ್ಯಾಕೇನು?" ಎಂದು ಹಿರಿಯರು ಕೇಳುವುದು ನ್ಯಾಯವೇ. 1972ರ ಕಾಯ್ದೆಯ ಕಡ್ಡಾಯ ಸ್ವಾಧೀನದ ಅಧಿಕಾರ ಪೂಜೆಯಲ್ಲಿರುವ ಮೂರ್ತಿಗೆ ತಗಲುವುದಿಲ್ಲ ಎಂಬುದನ್ನು ಕನ್ನಡದಲ್ಲಿ ಅರ್ಧ ಪುಟ ಅಚ್ಚು ಹಾಕಿಸಿ ಪೂಜಾರಿಗೆ, ಪಂಚರಿಗೆ ಮೊದಲೇ ಕೊಡಿ. ಕೆಲಸ ಮುಗಿದ ಮೇಲೆ ಹಾಳೆಯ ಒಂದು ಪ್ರತಿ ಗುಡಿಯಲ್ಲೇ ಇರಬೇಕು. ಪಟ್ಟಿ ಗುಡಿಯದ್ದು, ನಾವು ಬರೆದುಕೊಟ್ಟವರು ಅಷ್ಟೇ. ಒಡಂಬಡಿಕೆಯ ಮಾತಿಗೂ ಅದೇ ಹೊಂದುತ್ತದೆ.

ಇನ್ನು ದಿನಾಂಕ. ಕಳುವಿಗೆ ಮುಂಚೆಯೇ ಹಾಳೆ ಇತ್ತು ಎನ್ನುವುದಕ್ಕೆ ಫೋಟೋದೊಳಗಿನ ತಾರೀಖು ನಂಬಬೇಡಿ, ಅದನ್ನು ಯಾರಾದರೂ ತಿದ್ದಬಹುದು. ಪ್ರತಿ ಕಡತದ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಿರಿ. ಅದು ಕಡತದ ಬೆರಳಚ್ಚಿನಂಥ ಅಕ್ಷರಸಾಲು, ಕಡತ ಚೂರು ಬದಲಾದರೂ ಅದು ಬದಲಾಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಸಲಕರಣೆ ಇದ್ದೇ ಇದೆ, ಖರ್ಚಿಲ್ಲ. ಹ್ಯಾಶ್‌ಗಳ ಪಟ್ಟಿ ಅಚ್ಚು ಹಾಕಿ ನೋಟರಿ ಮಾಡಿಸಿ, ಗ್ರಾಮ ಪಂಚಾಯಿತಿ ಠರಾವಿಗೆ ಲಗತ್ತಿಸಿ. ಅರವತ್ತನಾಲ್ಕು ಅಕ್ಷರ ನಡಾವಳಿ ಪುಸ್ತಕದಲ್ಲಿ ಬರೆಯಲು ಯಾವ ಕಾರ್ಯದರ್ಶಿಯೂ ಒಪ್ಪುವುದಿಲ್ಲ. ಮೊದಲ ಎಂಟು, ಕೊನೆಯ ಎಂಟು ಬರೆಸಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಡಿಜಿಟಲ್ ಸಾಕ್ಷ್ಯಕ್ಕೆ ಕೇಳುವ ಪ್ರಮಾಣಪತ್ರ ಕೊಡುವುದು ಸಾಕ್ಷ್ಯ ಹಾಜರುಪಡಿಸುವಾಗ, ಆದರೆ ಅದರ ನಮೂನೆ ಸಾಧನದ ಮಾಡೆಲ್, ಸೀರಿಯಲ್, ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಕೇಳುತ್ತದೆ. ಫೋನು ಮಾರುವ ಮೊದಲೇ ಬರೆದಿಟ್ಟುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಹ್ಯಾಶ್ ಬದಲಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಗ್ಯಾಲರಿಯಲ್ಲಿ ಅಡ್ಡ ಚಿತ್ರವನ್ನು ನೆಟ್ಟಗೆ ತಿರುಗಿಸಿ ಉಳಿಸಿದರೂ ಕೆಟ್ಟಿತು. ಒಮ್ಮೆ ಒಂದಿಡೀ ಊರಿನ ಕಡತಗಳು ಹೀಗೇ ಹಾಳಾಗಿ ಮತ್ತೆ ಕಂಬಳಿ ಹೊತ್ತು ಹೋಗಬೇಕಾಯಿತು.

ದುಡ್ಡಿನ ಲೆಕ್ಕ ನೆನಪಿನಿಂದ: ಪೆಟ್ರೋಲಿಗೇ ಇಪ್ಪತ್ತು ಸಾವಿರದ ಮೇಲೆ, ಎರಡು ಹಾರ್ಡ್ ಡಿಸ್ಕಿಗೆ ಒಂಬತ್ತೋ ಹತ್ತೋ ಸಾವಿರ, ನೋಟರಿ ಮತ್ತು ಝೆರಾಕ್ಸಿಗೆ ಆರೇಳು ಸಾವಿರ, ಕಂಬಳಿ ಹಿಡಿಯುವ ಹುಡುಗರ ಊಟ, ಭತ್ಯೆ ಬೇರೆ. ಒಟ್ಟು ಐವತ್ತು ಸಾವಿರದ ಆಜುಬಾಜು. ಶಿಷ್ಯವೇತನ ಬರುವ ಹೊತ್ತಿಗೆ ಕೆಲಸವೇ ಮುಗಿದಿತ್ತು, ಅದನ್ನು ನೆಚ್ಚಿ ಹೊರಡಬೇಡಿ. ದುಬಾರಿ ಕ್ಯಾಮೆರಾ ಬೇಕಿಲ್ಲ. ಹಾಳೆಯೊಂದಕ್ಕೆ ಮುನ್ನೂರು ರೂಪಾಯಿಯೊಳಗೆ ಮುಗಿಸಿದ್ದೇನೆ. ಇದಕ್ಕಿಂತ ಅಗ್ಗವಾಗಿ ಯಾರಾದರೂ ಮಾಡಿದ್ದರೆ ತೋರಿಸಲಿ.

ಎರಡು ಸಂಗತಿ ಇಲ್ಲಿ ಬರೆಯುವುದಿಲ್ಲ. ಪ್ರತಿ ಕಲ್ಲಿನಲ್ಲಿ ಒಂದು ಗುರುತನ್ನು ಬಹಿರಂಗ ಹಾಳೆಯಿಂದ ಬಿಟ್ಟು ಮುಚ್ಚಿದ ಲಕೋಟೆಯಲ್ಲಿ ಇಡುತ್ತೇವೆ, ಅದು ಯಾವ ಭಾಗದ್ದೆಂದು ಕೇಳಬೇಡಿ. ಎಣ್ಣೆಗಪ್ಪಿನ ಕೆಳಗಿನ ಮುಕ್ಕನ್ನು ಕಲ್ಲು ಮುಟ್ಟದೆ ಓದುವ ಉಪಾಯವೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಲೇಖನ ಅಚ್ಚಾಗುವವರೆಗೆ. ಪ್ರಬಂಧದಲ್ಲಿ ಜಿಪಿಎಸ್ ಅಂಕಿ ಹಾಕಬೇಡಿ. ತಾಲ್ಲೂಕಿನ ಹೆಸರು ಸಾಕು, ಉಳಿದದ್ದು ಕಳ್ಳನಿಗೆ ನಕಾಶೆ. ಕಲ್ಲಿಗೆ ಹೊಸ ಮುಕ್ಕಾದರೆ ಹೊಸ ಹಾಳೆ, ಹೊಸ ಹ್ಯಾಶ್. ಹಳೆಯದನ್ನು ತಿದ್ದದೆ ಅದರ ಸಂಖ್ಯೆಯನ್ನು ಹೊಸದರ ತಲೆಯ ಮೇಲೆ ಬರೆದು, ಎರಡನ್ನೂ ಒಂದೇ ಫೈಲಿನಲ್ಲಿ ಇಡಿ.