ಎರಡು ತಿಂಗಳಿಗೊಮ್ಮೆ ಹೊರಡುವ ಜೀಪು, ಐದನೇ ವರ್ಷದ ಬ್ಯಾಟರಿ

ಹೋದ ಭಾನುವಾರ ಜೀಪ್ ಹೊರಗೆ ತೆಗೆದೆ. ನಿಂತು ಎಪ್ಪತ್ತು ದಿನವಾಗಿತ್ತು, ಬ್ಯಾಟರಿಗೆ ಇದು ಐದನೇ ವರ್ಷ. ಬೆಳಗಾವಿಯ ಗೆಳೆಯ ಜಂಪರ್ ಕೇಬಲ್ ಹಿಡಿದುಕೊಂಡೇ ನಿಂತಿದ್ದ. "ಈ ಸಲ ಅದು ಏಳೂದಿಲ್ಲ ಬಿಡೋ" ಅಂದ. ಗ್ಲೋ ಪ್ಲಗ್ ಕಾಯಿಸಿ ಕೀ ತಿರುಗಿಸಿದೆ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಅವನು ಮಾತಾಡದೆ ಕೇಬಲ್ ಸುತ್ತಿ ತನ್ನ ಡಿಕ್ಕಿಯಲ್ಲಿ ಹಾಕಿಕೊಂಡ. ಆ ಖುಷಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಹಳೇ ಮಹೀಂದ್ರಾ ಎಂಎಂ 540, ಪ್ಯೂಜೋ ಡೀಸೆಲ್. ಮನೆ ಪುಣೆಯ ಕೋಥರೂಡದಲ್ಲಿ. ಆಫೀಸಿಗೆ ಬೇರೆ ಕಾರಿದೆ. ಜೀಪು ಹೊರಡುವುದು ಮುಳಶಿ, ತಾಮ್ಹಿಣಿ ಕಡೆ ಕೆಸರಾಟಕ್ಕೆ ಮಾತ್ರ, ಅದೂ ಎರಡು ತಿಂಗಳಿಗೊಮ್ಮೆ.

ಮೊದಲು ದುಡ್ಡು ಕಳೆದುಕೊಂಡ ಕಥೆ. ದೊಡ್ಡದಿದ್ದರೆ ಜಾಸ್ತಿ ದಿನ ತಡೆಯುತ್ತದೆ ಅಂದುಕೊಂಡು ಮೊದಲು 88 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ ಹಾಕಿಸಿದೆ. ಏಳೂವರೆ ಸಾವಿರ ಇರಬೇಕು. ಟ್ರೇಯಲ್ಲಿ ಕೂರಲಿಲ್ಲ ಅಂತ ಟ್ರೇ ಕೊಯ್ದು ವೆಲ್ಡಿಂಗ್ ಮಾಡಿಸಿದ್ದಕ್ಕೆ ಇನ್ನೂ ಎಂಟು ನೂರು. ಹದಿನಾಲ್ಕು ತಿಂಗಳಿಗೆ ಗ್ಯಾರೇಜಿನವ "ಬ್ಯಾಟರಿ ಗೇಲಿ, ಸಾಹೇಬ್" ಅಂದ, ಅಂದರೆ ಬ್ಯಾಟರಿ ಹೋಯಿತು ಅಂತ ಮರಾಠಿಯಲ್ಲಿ. ವಾರಂಟಿ ಕೇಳಲು ಹೋದರೆ, ಚಾರ್ಜ್ ಇಲ್ಲದೆ ಬಿಟ್ಟಿದ್ದು ನಿಮ್ಮ ತಪ್ಪು ಅಂತ ಅಂಗಡಿಯವ ವಾಪಸ್ ಕಳಿಸಿದ. ಆಗ ಸಿಟ್ಟು ಬಂದಿತ್ತು. ಈಗ ನೋಡಿದರೆ ಅವನು ಹೇಳಿದ್ದೇ ಸರಿ.

ಎರಡನೆಯದು ಎಜಿಎಂ, ಅಂದರೆ ಆಸಿಡ್ಡನ್ನು ಗಾಜಿನ ನಾರಿನ ಹಾಸಿಗೆ ಹೀರಿಸಿಟ್ಟ ಸೀಲ್ಡ್ ಬ್ಯಾಟರಿ. ಕಲ್ಲು ದಾರಿಯ ಕುಲುಕಾಟಕ್ಕೆ ಪ್ಲೇಟ್ ಅಲುಗುವುದಿಲ್ಲ, ಆಸಿಡ್ ಚೆಲ್ಲುವುದಿಲ್ಲ. ಇದೆಲ್ಲ ನಿಜವೇ. ಹತ್ತೊಂಬತ್ತು ಸಾವಿರ ಚಿಲ್ಲರೆ ಕೊಟ್ಟೆ. ಅದನ್ನೂ ಮೊದಲಿನ ಹಾಗೇ ಬಿಟ್ಟಿದ್ದೆ, ಎರಡು ವರ್ಷಕ್ಕೆ ಅದೂ ಸತ್ತಿತು. ತಪ್ಪು ಬ್ಯಾಟರಿಯದ್ದಲ್ಲ ಅಂತ ಹೊಳೆಯಲು ಇಪ್ಪತ್ತೇಳು ಸಾವಿರಕ್ಕೂ ಮೇಲೆ ಬೇಕಾಯಿತು ನನಗೆ.

"ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡಿ." ಇದನ್ನು ಹೇಳದವರಿಲ್ಲ. ನಾನೂ ಒಂದು ವರ್ಷ ಪ್ರತಿ ಶನಿವಾರ ಸಂಜೆ ವ್ರತದ ಹಾಗೆ ಮಾಡಿದೆ. ಭಾನುವಾರ ಬೆಳಿಗ್ಗೆ ಮೀಟರ್ ಇಟ್ಟರೆ ಸಾಮಾನ್ಯವಾಗಿ 12.4 ವೋಲ್ಟ್, ಕೆಲವೊಮ್ಮೆ 12.3. ಪೂರ್ತಿ ತುಂಬಿದ ಬ್ಯಾಟರಿ ತೋರಿಸುವ 12.6 ಒಮ್ಮೆಯೂ ಕಾಣಲಿಲ್ಲ. ಬ್ಯಾಟರಿಯ ಕೊನೆಯ ಶೇಕಡಾ ಇಪ್ಪತ್ತು ತುಂಬಲು ಗಂಟೆಗಟ್ಟಲೆ ಬೇಕು. ಐಡಲಿಂಗಿನ ಹತ್ತು ನಿಮಿಷ ಯಾವ ಲೆಕ್ಕ? ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಯಾವಾಗಲೂ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ಪ್ಲೇಟಿಗೆ ಸಲ್ಫೇಟ್ ಕೂತು ಅದರ ಕಸುವು ಇಳಿಯಿತು, ಅಷ್ಟೇ. ಜೊತೆಗೆ ಡೀಸೆಲ್ ಹೊಗೆಗೆ ಸೊಸೈಟಿಯವರ ಬೈಗುಳ.

ಆಮೇಲೆ ಜೀಪು ನಿಂತಾಗಲೂ ಕರೆಂಟ್ ಕದಿಯುವ ಕಳ್ಳನನ್ನು ಹುಡುಕಲು ಕೂತೆ. ನೆಗೆಟಿವ್ ಕೇಬಲ್ ಬಿಚ್ಚಿ ನಡುವೆ ಮೀಟರ್ ಸೇರಿಸಿದೆ. ಅಭ್ಯಾಸಬಲದಿಂದ ಕೀ ತಿರುಗಿಸಿ ಮೀಟರಿನ ಫ್ಯೂಸ್ ಸುಟ್ಟೆ. ಎರಡನೇ ಸಲ ಸರಿಯಾಗಿ ನೋಡಿದರೆ 60 ಮಿಲಿಆಂಪ್. ಸ್ಟೀರಿಯೋ, ಅಲಾರಂ, ಜಿಪಿಎಸ್ ಮೂರೂ ಸೇರಿ ಕುಡಿಯುತ್ತಿದ್ದವು. ದಿನಕ್ಕೆ ಸುಮಾರು ಒಂದೂವರೆ ಎಎಚ್. 70 ಎಎಚ್ ಬ್ಯಾಟರಿ ಇಪ್ಪತ್ನಾಲ್ಕು ದಿನಕ್ಕೆ ಅರ್ಧ ಖಾಲಿ. ಇಷ್ಟು ಸಣ್ಣ ಲೆಕ್ಕ ನಾಲ್ಕು ವರ್ಷ ಹಾಕಿರಲಿಲ್ಲ ನಾನು.

ಬ್ಯಾಟರಿಯನ್ನು ವೈರಿಂಗಿನಿಂದ ಬೇರೆ ಮಾಡುವ ಕಟ್ ಆಫ್ ಸ್ವಿಚ್ ಹಾಕುವಾಗಲೂ ಜಿಪುಣತನ ಮಾಡಿದೆ. ನಾನಾ ಪೇಠದಲ್ಲಿ ಇನ್ನೂರೈವತ್ತಕ್ಕೆ ಸಿಗುತ್ತಿದ್ದ, ಟರ್ಮಿನಲ್ ಮೇಲೆ ಕೂರುವ ಹಸಿರು ತಿರುಪಿನದ್ದು ತಂದೆ. ತಾಮ್ಹಿಣಿಯ ಕಲ್ಲುಗಳ ಮೇಲೆ ಕುಲುಕಾಡಿ ತಿರುಪು ಸಡಿಲವಾಯಿತು. ಹಳೇ ಡೀಸೆಲ್ ಅಲ್ವಾ, ಇಂಜಿನ್ ನಿಲ್ಲಲಿಲ್ಲ. ಆದರೆ ಓಡುತ್ತಿರುವಾಗಲೇ ಬ್ಯಾಟರಿ ಬಿಟ್ಟುಹೋದದ್ದರಿಂದ ಆಲ್ಟರ್ನೇಟರಿನ ಡಯೋಡ್ ಸುಟ್ಟವು. ಎರಡು ಸಾವಿರದ ಎಂಟುನೂರು. ಈಗ ಲಾರಿಗೆ ಹಾಕುವ ದಪ್ಪ ಸ್ವಿಚ್ ಇದೆ. ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ಜೀಪು ಕಳುವಾಗದಿರಲೂ ಅದೇ ಕಾವಲು. ಜಿಪಿಎಸ್ಸಿಗೆ ಮಾತ್ರ ಫ್ಯೂಸ್ ಹಾಕಿ ಬೇರೆ ವಯರ್ ಎಳೆದಿದ್ದೇನೆ, ಅದು ಕುಡಿಯುವುದು ಹತ್ತು ಮಿಲಿಆಂಪ್ ಅಷ್ಟೇ.

ಮೂರನೇ ಬ್ಯಾಟರಿಗೆ ಮಾಮೂಲಿ ಆಸಿಡ್ ಬ್ಯಾಟರಿಯೇ ಸಾಕು ಅಂದಾಗ ಎಲ್ಲರೂ ನಕ್ಕರು. ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಇದೆಯಲ್ಲ, ಅದು ಮುನ್ನೂರು ಆಂಪ್ ಎಳೆಯುತ್ತದೆ, ಎರಡು ಬ್ಯಾಟರಿ ಹಾಕು ಅಂದರು. ವರ್ಷಕ್ಕೆ ನಾಲ್ಕು ಸಲ ವಿಂಚ್ ಬಳಸುವವನಿಗೆ ಎರಡು ಬ್ಯಾಟರಿ ಯಾಕೆ? ಎರಡನ್ನೂ ಸಾಕಬೇಕಲ್ಲ! ಇಂಜಿನ್ ಓಡಿಸುತ್ತಾ ಅರ್ಧ ನಿಮಿಷ ಎಳೆಯುವುದು, ಎರಡು ಮೂರು ನಿಮಿಷ ಬಿಡುವುದು. ವಿಂಚ್ ಮೋಟರಿಗೂ ಅದೇ ಒಳ್ಳೆಯದು.

70 ಎಎಚ್ ತೆಗೆದುಕೊಂಡೆ. ಹಳೆಯದನ್ನು ಕೊಟ್ಟ ಮೇಲೆ ಆರು ಸಾವಿರದ ಇನ್ನೂರೋ ಏನೋ ಆಯಿತು. ಅಂಗಡಿಗೆ ಮೀಟರ್ ಒಯ್ದಿದ್ದೆ. ಮೊದಲು ಕೊಟ್ಟದ್ದು ಏಳು ತಿಂಗಳ ಹಳೇ ಸ್ಟಾಕ್, 12.3 ತೋರಿಸಿತು. ಬೇಡ ಅಂದೆ. ಅಂಗಡಿಯವ ಮುಖ ಸಿಂಡರಿಸಿಕೊಂಡು ಒಳಗಿಂದ ಇನ್ನೊಂದು ತಂದ. ಆ ತಿಂಗಳದ್ದೇ, 12.6ರ ಮೇಲಿತ್ತು. ಟ್ರೇಗೆ ಹಳೇ ಟ್ಯೂಬಿನ ರಬ್ಬರ್ ಹಾಸಿ, ಮೇಲೆ ಕ್ಲ್ಯಾಂಪ್ ಬಿಗಿದೆ. ಆಫ್‌ರೋಡಿನಲ್ಲಿ ಅರ್ಧ ಬ್ಯಾಟರಿಗಳು ಸಾಯುವುದು ಸಡಿಲ ಕ್ಲ್ಯಾಂಪಿನಿಂದ ಅಂತ ನನ್ನ ಲೆಕ್ಕ.

ಇನ್ನು ಚಾರ್ಜರ್. ಮೊದಲನೆಯದು ತಾನಾಗಿ ನಿಲ್ಲದೆ ನೀರೆಲ್ಲ ಕುದಿಸಿತು. ಎರಡನೆಯದು ಸ್ಮಾರ್ಟ್, ಆದರೆ ಕರೆಂಟ್ ಹೋಗಿ ಬಂದರೆ ಬಟನ್ ಒತ್ತುವವರೆಗೆ ಸುಮ್ನೆ ಕೂರುತ್ತಿತ್ತು. ಪುಣೆಯಲ್ಲಿ ಗುರುವಾರ ರಿಪೇರಿಗೆ ಅಂತ ಕರೆಂಟ್ ತೆಗೆಯುವುದು ಗೊತ್ತೇ ಇದೆಯಲ್ಲ. ಸೋಮವಾರ ಹಚ್ಚಿ ಊರಿಗೆ ಹೋದೆ. ಮೂರು ವಾರ ಬಿಟ್ಟು ಬಂದು ನೋಡಿದರೆ ಚಾರ್ಜರಿನ ಲೈಟೇ ಇಲ್ಲ. ಮೂರನೆಯದು ಐದು ಆಂಪಿನದ್ದು. 14.4 ವೋಲ್ಟಿಗೆ ಏರಿ ತುಂಬಿದ ಮೇಲೆ 13.6ಕ್ಕೆ ಇಳಿಯುತ್ತದೆ, ಕರೆಂಟ್ ಬಂದರೆ ತಾನೇ ಶುರುವಾಗುತ್ತದೆ. ಮೂರು ಸಾವಿರದ ಹತ್ತಿರ.

ಈಗ ಕ್ರಮ ಇಷ್ಟೇ. ಸ್ವಿಚ್ ಆಫ್. ತಿಂಗಳಿಗೊಂದು ರಾತ್ರಿ ಚಾರ್ಜ್. ಏಪ್ರಿಲ್, ಮೇನಲ್ಲಿ ಹದಿನೈದು ದಿನಕ್ಕೊಮ್ಮೆ, ಯಾಕೆಂದರೆ ಸೆಕೆಗೆ ತಾನಾಗಿ ಇಳಿಯುವುದೂ ಜಾಸ್ತಿ. ಮೀಟರ್ ಇಡುವುದು ಚಾರ್ಜರ್ ತೆಗೆದು ಒಂದು ರಾತ್ರಿ ಕಳೆದ ಮೇಲೆ. ತೆಗೆದ ತಕ್ಷಣದ ನಂಬರ್ ಸುಳ್ಳು ಹೇಳುತ್ತದೆ. ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್, ಆಸಿಡ್ ಎಷ್ಟು ಗಟ್ಟಿ ಅಂತ ನೋಡಲು ಹೈಡ್ರೋಮೀಟರ್. ಆರೂ ಸೆಲ್ 1.250ರ ಆಸುಪಾಸಿನಲ್ಲಿ ಒಟ್ಟಿಗೇ ಇವೆ. ಟರ್ಮಿನಲ್ಲಿಗೆ ವ್ಯಾಸಲೀನ್ ಹಚ್ಚುತ್ತೇನೆ. ಅದರಲ್ಲಿ ಇನ್ನೊಂದು ವಸ್ತು ಕಲಸುತ್ತೇನೆ, ಅದು ನನ್ನಲ್ಲೇ ಇರಲಿ.

ಪ್ಲಗ್ ಪಾಯಿಂಟಿಗೆ ಮಾತ್ರ ದೊಡ್ಡ ಜಗಳವಾಯಿತು. ವಾಚ್‌ಮನ್ ಕೋಣೆಯಿಂದ ವಯರ್ ಎಳೆದಿದ್ದಕ್ಕೆ ಸೊಸೈಟಿ ಸೆಕ್ರೆಟರಿ ನೋಟಿಸ್ ಅಂಟಿಸಿದರು. ನಾನು ಸಬ್ ಮೀಟರ್ ಹಾಕಿಸಿ ವರ್ಷದ ರೀಡಿಂಗನ್ನು ಮೀಟಿಂಗಿನಲ್ಲಿ ಇಟ್ಟೆ. ಆರು ಯೂನಿಟ್ ಕೂಡ ಆಗಿರಲಿಲ್ಲ. ಆದರೂ ವರ್ಷಕ್ಕೆ ಐನೂರು ಕೊಡಿ ಅಂದರು. ಕೊಡುತ್ತೇನೆ. ಮಿಕ್ಕಿದ್ದು ಗಣಪತಿ ಚಂದಾ ಅಂದುಕೊಂಡಿದ್ದೇನೆ.

ನಡುವೆ ಒಂದೆರಡು ಆಟಗಳನ್ನೂ ಆಡಿದೆ. ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಅಂತ ಧಾರವಾಡದ ಮಾವ ಹೇಳುತ್ತಿದ್ದರು. ಒಂದೇ ವಯಸ್ಸಿನ ಎರಡು ಬ್ಯಾಟರಿ ತುಂಬಿಸಿ, ಒಂದನ್ನು ನೆಲಕ್ಕೆ, ಒಂದನ್ನು ಹಲಗೆ ಮೇಲೆ ಎರಡು ತಿಂಗಳು ಇಟ್ಟೆ. ಎರಡೂ ಒಂದೇ ಅಷ್ಟು ಇಳಿದವು. ಹಳೇ ಕಾಲದ ಡಬ್ಬಗಳಿಗೆ ಆ ಮಾತು ಸರಿಯಿತ್ತು, ಈಗಿನ ಪ್ಲಾಸ್ಟಿಕ್ಕಿಗೆ ಅಲ್ಲ. ಮಾವನಿಗೆ ಹೇಳಿದೆ, ನಂಬಲಿಲ್ಲ. ಸತ್ತ ಎಜಿಎಂಗೆ, ಸಲ್ಫೇಟ್ ಕರಗಿಸುತ್ತದೆ ಅನ್ನುವ ಪಲ್ಸ್ ಚಾರ್ಜರ್ ಹತ್ತು ದಿನ ಹಚ್ಚಿದೆ. ಎದ್ದ ಹಾಗೆ ಮಾಡಿ ಮತ್ತೆ ಮಲಗಿತು. ಬಾನೆಟ್ ಮೇಲೆ ಹತ್ತು ವ್ಯಾಟಿನ ಸೋಲಾರ್ ಇಟ್ಟೆ. ಜೀಪು ನಿಲ್ಲುವುದು ಕಟ್ಟಡದ ಕೆಳಗೆ, ಬಿಸಿಲೇ ಬರುವುದಿಲ್ಲ ಅನ್ನುವುದನ್ನು ಮರೆತೇಬಿಟ್ಟಿದ್ದೆ.

ಕೇಬಲ್ ಸುತ್ತಿಕೊಂಡು ಹೋದ ಗೆಳೆಯ ಮರುದಿನವೇ ತನ್ನ ಜಿಪ್ಸಿಯ ಬ್ಯಾಟರಿ ತಂದು ನಮ್ಮ ಬಾಲ್ಕನಿಯಲ್ಲಿ ಇಟ್ಟು ಹೋದ. 11.6 ಇತ್ತು. ಮೂರು ದಿನದಿಂದ ಚಾರ್ಜಿಗೆ ಹಾಕಿದ್ದೇನೆ. ನಡುವಿನ ಒಂದು ಸೆಲ್ ಮೇಲೇಳುತ್ತಲೇ ಇಲ್ಲ. ಅವನಿಗೆ ಇನ್ನೂ ಹೇಳಿಲ್ಲ.