ತಂತಿ ನಿಲ್ಲಿಸಲು ಕಲಿತ ಬಲಗೈ: ಕಂಟ್ರಿ ಲೀಡ್‌ಗೆ ಕೈ ತಿದ್ದಿಕೊಂಡ ಬಗೆ

ಕಂಟ್ರಿ ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಸಂಗೀತ. ಅದರ ಗಿಟಾರ್ ಕೇಳಿದವರಿಗೆ ಮೊದಲು ಕಿವಿಗೆ ಬೀಳುವುದು ವೇಗ. ಅದೇ ತುಣುಕನ್ನು ಫೋನಿನಲ್ಲಿ ಅರ್ಧ ವೇಗಕ್ಕೆ ಇಳಿಸಿ ಕೇಳಿ. ಒಂದೊಂದು ಸ್ವರದ ಹಿಂದೆಯೂ ಚಿಕ್ಕದೊಂದು ಖಾಲಿ ಜಾಗ ಇರುತ್ತದೆ. ಹುರಿದ ಕಡಲೆ ಕಡಿದ ಹಾಗೆ ಕೇಳುವ ಆ ಶಬ್ದಕ್ಕೆ ಕಾರಣ ಸ್ವರವನ್ನು ಫಕ್ಕನೆ ನಿಲ್ಲಿಸುವುದು. ನಾನು ಬಲಗೈ ತಿದ್ದಿಕೊಳ್ಳಲು ಕೂತಾಗ ಅರ್ಧಕ್ಕಿಂತ ಹೆಚ್ಚು ಸಮಯ ಹೋದದ್ದು ಈ ನಿಲ್ಲಿಸುವ ಕೆಲಸಕ್ಕೇ.

ಕಾರವಾರದ ಕಡೆ ಗಿಟಾರ್ ಹಿಡಿದವರ ಕೈ ಹೆಚ್ಚಾಗಿ ಚರ್ಚಿನ ಹಾಡಿಗೆ, ಮದುವೆ ಮನೆಯ ಕೊಂಕಣಿ ಹಾಡಿಗೆ ಸ್ಟ್ರಮ್ ಮಾಡಿ (ಎಲ್ಲ ತಂತಿಗಳ ಮೇಲೆ ಒಟ್ಟಿಗೆ ಕೈ ಬೀಸಿ) ಪಳಗಿದ್ದು. ತೆಳು ಪಿಕ್ (ತಂತಿ ಮೀಟುವ ಬಿಲ್ಲೆ), ಮೊಣಕೈಯಿಂದ ಬೀಸು. ಆ ಕೆಲಸಕ್ಕೆ ಅದು ಸರಿ, ಕಂಟ್ರಿ ಲೀಡ್‌ಗೆ (ಬಿಡಿ ಸ್ವರಗಳ ಮುಂಚೂಣಿ ನುಡಿಕೆಗೆ) ಎರಡೂ ಅಡ್ಡಿ. ಇಲ್ಲಿ ಬೇಕಾದದ್ದು ಹೈಬ್ರಿಡ್ ಪಿಕಿಂಗ್: ಹೆಬ್ಬೆರಳು ತೋರುಬೆರಳಿನ ನಡುವೆ ಪಿಕ್, ಉಳಿದಂತೆ ನಡುಬೆರಳು ಮತ್ತು ಉಂಗುರ ಬೆರಳು ನೇರವಾಗಿ ತಂತಿ ಎಳೆಯುವುದು. ಹೆಸರಾಂತ ಕಂಟ್ರಿ ಗಿಟಾರ್ ವಾದಕ ಆಲ್ಬರ್ಟ್ ಲೀ ನುಡಿಸುವುದು ಹೀಗೆ. ಜೇಮ್ಸ್ ಬರ್ಟನ್ ಚಪ್ಪಟೆ ಪಿಕ್ಕಿನ ಜೊತೆಗೆ ನಡುಬೆರಳಿಗೆ ಫಿಂಗರ್ ಪಿಕ್ ತೊಡುತ್ತಾರೆ. ಬ್ರೆಂಟ್ ಮೇಸನ್ ಹೆಬ್ಬೆರಳಿಗೇ ತೊಡಿಸುವ ಪಿಕ್ ಬಳಸುತ್ತಾರೆ. ಮೂರರಲ್ಲಿ ಯಾವುದೂ ಕಡಿಮೆಯಲ್ಲ. ಆದರೆ ಸ್ಟ್ರಮ್ಮಿಂಗ್‌ನಿಂದ ಬಂದವರಿಗೆ ಚಪ್ಪಟೆ ಪಿಕ್ಕೇ ಹತ್ತಿರದ ದಾರಿ.

ಪಿಕ್ಕನ್ನು 0.60 ಮಿಮೀಯಿಂದ 1 ಮಿಮೀಗೆ ಬದಲಿಸಿಕೊಂಡೆ. ತೆಳು ಪಿಕ್ ತಂತಿಗೆ ತಾಗಿ ಬಾಗಿ ಆಮೇಲೆ ಬಿಡುವುದರಿಂದ, ಬೆರಳಿನ ಸ್ವರಕ್ಕಿಂತ ಅದರ ಸ್ವರ ಕೂದಲೆಳೆಯಷ್ಟು ತಡ. ಎರಡು ತಂತಿ ಒಟ್ಟಿಗೆ ಎಳೆದಾಗ ಈ ತಡ ಎದ್ದು ಕಾಣುತ್ತದೆ. ಪಿಕ್ಕಿನ ತುದಿ ಹೊರಗೆ 3–4 ಮಿಮೀ ಇದ್ದರೆ ಸಾಕು. ಬಹಳ ಜನ ಪಿಕ್ಕಿಗೆ ಅರಿವಿಲ್ಲದೆ ನಡುಬೆರಳನ್ನೂ ಆನಿಸಿರುತ್ತಾರೆ. ಆ ಬೆರಳಿಗೆ ಈಗ ಬೇರೆ ಕೆಲಸ ಇದೆ, ಅದನ್ನು ಮೊದಲು ಬಿಡಿಸಬೇಕು. ಪರೀಕ್ಷೆ ಸುಲಭ: ಪಿಕ್ಕಿನಿಂದ 4ನೇ ತಂತಿಯನ್ನು (ಅತಿ ತೆಳು ತಂತಿ 1ನೇದು, ಅತಿ ದಪ್ಪದ್ದು 6ನೇದು) ಒಂದೇ ಸಮ ನುಡಿಸುತ್ತ ಉಳಿದ ಮೂರು ಬೆರಳುಗಳನ್ನು ಗಾಳಿಯಲ್ಲಿ ಆಡಿಸಿ. ಪಿಕ್ ತಿರುಗಿತು ಅಥವಾ ಜಾರಿತು ಎಂದರೆ ಹಿಡಿತ ಇನ್ನೂ ಕೂತಿಲ್ಲ. ನಾನು ಒಂದು ವಾರ ಇದನ್ನು ಬಿಟ್ಟು ಬೇರೇನೂ ಮಾಡಲಿಲ್ಲ.

ಮುಂದಿನದು ಕೈ ಊರುವ ಜಾಗ. ಕಿರುಬೆರಳನ್ನು ಗಿಟಾರಿನ ಮೈಗೆ ಒತ್ತಿ ಆಸರೆ ಮಾಡಿಕೊಳ್ಳುವ ಚಟ ಅನೇಕರಿಗಿದೆ. ಈಗಲೇ ಮೇಜಿನ ಮೇಲೆ ಕೈಯಿಟ್ಟು ಕಿರುಬೆರಳನ್ನು ಬಲವಾಗಿ ಒತ್ತಿ ಹಿಡಿದು ಉಂಗುರ ಬೆರಳನ್ನು ಚಕಚಕ ಆಡಿಸಿ ನೋಡಿ, ಮಂಕಾಗುತ್ತದೆ. ಈ ಎರಡು ಬೆರಳುಗಳ ಸ್ನಾಯುರಜ್ಜುಗಳು ಕೈಯ ಹಿಂಬದಿಯಲ್ಲಿ ಒಂದಕ್ಕೊಂದು ಕೂಡಿಕೊಂಡಿವೆ. ಒಂದನ್ನು ಕಟ್ಟಿಹಾಕಿದರೆ ಇನ್ನೊಂದೂ ಎಳೆದಾಡುತ್ತದೆ. ಹಾಗಾಗಿ ಆಸರೆಯನ್ನು ಅಂಗೈಯ ಬುಡಕ್ಕೆ ಕೊಟ್ಟೆ. ಅದು 6ನೇ, 5ನೇ ತಂತಿಗಳ ಮೇಲೆ, ಬ್ರಿಡ್ಜಿನ (ಗಿಟಾರಿನ ಮೈಮೇಲೆ ತಂತಿಗಳನ್ನು ಹಿಡಿದಿಡುವ ಪಟ್ಟಿಯ) ಅಂಚಿಗೆ ಹಗುರವಾಗಿ ಕೂರಬೇಕು. ಒಂದು ಸೆಂಟಿಮೀಟರ್ ಮುಂದೆ ಜಾರಿದರೂ ದಪ್ಪ ತಂತಿಗಳು ಪೂರಾ ಸತ್ತ ಹಾಗಾಗುತ್ತವೆ. ಹಿಂದೆ ಸರಿದರೆ ಗುಂಯ್ ಎನ್ನುತ್ತಲೇ ಇರುತ್ತವೆ. ಕಿರುಬೆರಳು ಉಂಗುರ ಬೆರಳಿನ ಜೊತೆಗೇ ಸುಮ್ಮನೆ ಓಲಾಡಲಿ.

ಬೆರಳು ಎಳೆಯುವುದು ಬುಡದ ಗೆಣ್ಣಿನಿಂದ, ಅಂಗೈ ಕಡೆಗೆ. ತುದಿಯ ಗೆಣ್ಣಿನಿಂದ ಕೊಕ್ಕೆ ಹಾಕಿ ಮೇಲಕ್ಕೆ ಎತ್ತಿದರೆ ತಂತಿ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಲೋಹದ ಅಡ್ಡಪಟ್ಟಿಗೆ) ಬಡಿದು ಟಪ್ ಎನ್ನುತ್ತದೆ. ಕಂಟ್ರಿಯಲ್ಲಿ ಆ ಟಪ್ ಆಗೀಗ ಬೇಕು, ಆದರೆ ಬೇಕೆಂದಾಗ ಮಾತ್ರ.

ಮೊದಲ ಸಾಧನೆಗೆ ಎಡಗೈಯೇ ಬೇಡ. 4, 3, 2ನೇ ತಂತಿಗಳು ಖಾಲಿ ಬಿಟ್ಟಾಗ ಡಿ, ಜಿ, ಬಿ. ಒಟ್ಟು ಸೇರಿದರೆ ಜಿ ಕಾರ್ಡ್. ಪಿಕ್ಕಿಗೆ 4ನೇ ತಂತಿ, ನಡುಬೆರಳಿಗೆ 3ನೇದು, ಉಂಗುರ ಬೆರಳಿಗೆ 2ನೇದು. ಈಗ ಬಾಯಲ್ಲಿ ಹೇಳುತ್ತ ನುಡಿಸಿ: ತಕಿಟ ತಕಿಟ ತಕ. ಎಂಟು ಅಕ್ಷರ, ಎಂಟು ಸ್ವರ, ಪ್ರತಿ ‘ತ’ ಪಿಕ್ಕಿಗೆ. ಬ್ಯಾಂಜೊದವರು ಇದನ್ನು ಫಾರ್ವರ್ಡ್ ರೋಲ್ ಅನ್ನುತ್ತಾರೆ. 1945ರ ಕೊನೆಗೆ ಗಾಯಕ ಬಿಲ್ ಮನ್ರೋ ತಂಡ ಸೇರಿದ ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನಲ್ಲಿ ಮಾಡಿ ತೋರಿಸಿದ ಚಲನೆಗಳನ್ನೇ ಗಿಟಾರಿನವರು ಪಿಕ್ ಮತ್ತು ಎರಡು ಬೆರಳಿಗೆ ಹೊಂದಿಸಿಕೊಂಡರು. ಇಂಗ್ಲಿಷಿನಲ್ಲಿ ಒಂದು–ಎರಡು ಎಣಿಸುವುದಕ್ಕಿಂತ ತಕಿಟ ಹೇಳುವುದು ನಮ್ಮವರ ನಾಲಿಗೆಗೆ ಎಷ್ಟೋ ಹಗುರ. ಯಕ್ಷಗಾನ ನೋಡಿ ಬೆಳೆದವರಿಗಂತೂ ಹೇಳಿಕೊಡುವುದೇ ಬೇಡ.

ತಾಳ ತಟ್ಟುವ ಮೆಟ್ರೊನೋಮ್ 60ಕ್ಕೆ (ನಿಮಿಷಕ್ಕೆ 60 ಬಡಿತ), ಒಂದು ಬಡಿತಕ್ಕೆ ಎರಡು ಅಕ್ಷರ. ಕಾಲು ನಾಲ್ಕು ಬಡಿತವನ್ನು ತಟ್ಟುತ್ತಿರಲಿ. ಎರಡನೇ ‘ತ’ ಬೀಳುವುದು ಎರಡು ಮತ್ತು ಮೂರನೇ ಬಡಿತದ ಮಧ್ಯೆ, ಮೂರನೇ ‘ತ’ ಸರಿಯಾಗಿ ನಾಲ್ಕನೇ ಬಡಿತದ ಮೇಲೆ. ಹಾಗೆ ಬೀಳದಿದ್ದರೆ ಕೈ ತಾಳ ಬಿಟ್ಟು ಮೂರು ಮೂರರ ಓಟಕ್ಕೆ ಇಳಿದಿದೆ ಎಂದೇ ಲೆಕ್ಕ. ಎಲ್ಲರೂ ಮಾಡುವ ತಪ್ಪು ಇದು. ಇನ್ನೊಂದು, ಉಂಗುರ ಬೆರಳಿನ ‘ಟ’ ಪಿಸುಮಾತಿನಂತೆ ಕೇಳುವುದು. ಅದಕ್ಕೆ ನಾನು ಮಾಡಿದ ಮದ್ದು: ಎರಡು ನಿಮಿಷ ‘ಟ’ಕ್ಕೆ ಮಾತ್ರ ಒತ್ತು, ಎರಡು ನಿಮಿಷ ‘ಕಿ’ಗೆ ಮಾತ್ರ, ಕೊನೆಗೆ ಒತ್ತು ‘ತ’ಕ್ಕೆ ವಾಪಸ್. ಹೀಗೆ ಮಾಡುವಾಗ ಪಿಕ್ಕಿನ ಪೆಟ್ಟನ್ನು ತಗ್ಗಿಸಬೇಕು. ಬೆರಳನ್ನು ಪಿಕ್ಕಿನ ಮಟ್ಟಕ್ಕೆ ಎಳೆಯುವುದು ದೂರದ ಮಾತು, ಪಿಕ್ಕನ್ನು ಬೆರಳಿನ ಮಟ್ಟಕ್ಕೆ ಇಳಿಸುವುದು ಒಂದೇ ದಿನದಲ್ಲಿ ಆಗುತ್ತದೆ. ಐದು ಸುತ್ತು ತಪ್ಪಿಲ್ಲದೆ ಬಂದರೆ ಮೆಟ್ರೊನೋಮ್ 4 ಏರಿಸಿ. 120 ತಲುಪಿದ ಮೇಲೆ ಮತ್ತೆ 60ಕ್ಕೆ ತಂದು ಬಡಿತಕ್ಕೆ ನಾಲ್ಕು ಅಕ್ಷರ. ಕೈಯ ವೇಗ ಅದೇ, ಆದರೆ ಬಡಿತಗಳ ನಡುವೆ ತಾಳ ಹಿಡಿಯುವ ಹೊಣೆ ಈಗ ನಿಮ್ಮದು. ಎಡಗೈ ಸೇರಿಸುವಾಗ ಅವೇ ಮೂರು ತಂತಿಗಳಲ್ಲಿ ಸಿ ಕಾರ್ಡಿಗೆ 2, 0, 1ನೇ ಫ್ರೆಟ್, ಡಿ ಕಾರ್ಡಿಗೆ 0, 2, 3.

ಇನ್ನು ಚಿಕನ್ ಪಿಕಿಂಗ್. ಕೋಳಿ ಕೊಕ್ಕೊಕ್ ಎಂದ ಹಾಗೆ ಕೇಳುವುದಕ್ಕೆ ಆ ಹೆಸರು. 3ನೇ ತಂತಿಯ 7ನೇ ಫ್ರೆಟ್ ಒತ್ತಿ ಹಿಡಿಯಿರಿ. ಬಲಗೈ ನಡುಬೆರಳಿನ ತುದಿಯನ್ನು ಅದೇ ತಂತಿಯ ಮೇಲೆ ಸುಮ್ಮನೆ ಇಡಿ, ಪಿಕ್ಕಿನಿಂದ ಸುಮಾರು ಒಂದು ಸೆಂಟಿಮೀಟರ್ ದೂರಕ್ಕೆ. ಪಿಕ್ಕಿನಿಂದ ಕೆಳಗೆ ಹೊಡೆಯಿರಿ. ತಂತಿಯ ಮೇಲೆ ಬೆರಳಿರುವುದರಿಂದ ಸ್ವರ ಬರುವುದಿಲ್ಲ, ‘ಟಿಕ್’ ಮಾತ್ರ. ಈಗ ಆ ಬೆರಳನ್ನೇ ಎಳೆದು ಬಿಡಿ, ಸ್ವರ ಮೊಳಗುತ್ತದೆ. ಅದು ಮೊಳಗುತ್ತಿರುವಾಗಲೇ ಪಿಕ್ಕಿನ ಅಂಚು ವಾಪಸ್ ಬಂದು ತಂತಿಗೆ ತಾಗಿ ನಿಲ್ಲಬೇಕು. ಸ್ವರ ಕತ್ತರಿಸಿದಂತೆ ನಿಲ್ಲುತ್ತದೆ. ನಿಲ್ಲಿಸಿದ ಪಿಕ್ ಮುಂದಿನ ಹೊಡೆತಕ್ಕೆ ಅಲ್ಲೇ ತಯಾರಾಗಿಯೂ ಇರುತ್ತದೆ, ಬೇರೆ ಚಲನೆ ಬೇಕಿಲ್ಲ. ಇಡೀ ವಿದ್ಯೆ ಈ ವಾಪಸ್ ಬರುವ ಪಿಕ್ಕಿನಲ್ಲಿದೆ. ಮದ್ದಳೆಯಲ್ಲಿ ಬಡಿದ ಬೆರಳನ್ನು ಎತ್ತಿದರೆ ತೆರೆದ ನಾದ, ಅಲ್ಲೇ ಒತ್ತಿದರೆ ಮುಚ್ಚಿದ ಪೆಟ್ಟು. ಅದೇ ಲೆಕ್ಕ.

ತಕಧಿಮಿ ಎಂದು ಹೇಳುತ್ತ ‘ತ’ ಮತ್ತು ‘ಧಿ’ ಸತ್ತ ಸ್ವರ (ಟಿಕ್), ‘ಕ’ ಮತ್ತು ‘ಮಿ’ ಬದುಕಿದ ಸ್ವರ. ಎಡಗೈ ಇದ್ದಲ್ಲೇ ಇರಲಿ. ಇದು ಕೂತ ಮೇಲೆ ಎಡಗೈಯಿಂದ ಮುಚ್ಚುವುದನ್ನು ಸೇರಿಸಿಕೊಂಡೆ: ಒತ್ತಿದ ಬೆರಳನ್ನು ತಂತಿ ಬಿಡದೆ, ಫ್ರೆಟ್ ಬಿಡುವಷ್ಟು ಮಾತ್ರ ಸಡಿಲಿಸುವುದು. ಎರಡು ಕೈಗಳೂ ಸೇರಿ ಮುಚ್ಚಿದರೆ ‘ಟಿಕ್’ ಒಣಗಿದ ಸೌದೆ ಮುರಿದಂತೆ ಕೇಳುತ್ತದೆ. ‘ಟಿಕ್’ ಜಾಗದಲ್ಲಿ ಸಣ್ಣ ಸೀಟಿ ಬಂದರೆ ಬೆರಳು ತೀರಾ ತುದಿಯಲ್ಲಿ, ತೀರಾ ಹಗುರವಾಗಿ ತಾಗಿ ಹಾರ್ಮೋನಿಕ್ ಹುಟ್ಟಿದೆ ಎಂದರ್ಥ. ಬೆರಳಿನ ಮಾಂಸಲ ಭಾಗವನ್ನು ಕೂರಿಸಿದರೆ ಹೋಗುತ್ತದೆ. ಸ್ವರ ಶುರುವಿನಲ್ಲಿ ಶ್ರುತಿ ಮೇಲೇರಿ ಕೆಳಗಿಳಿದರೆ ಎಳೆತ ಜಾಸ್ತಿಯಾಗಿದೆ. 9ರ ತಂತಿ (1ನೇ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 9 ಪಾಲು) ಕಟ್ಟಿದವರಿಗೆ ಈ ಕಾಟ ಹೆಚ್ಚು.

ಜೋಡಿ ಸ್ವರಗಳಿಗೆ 3 ಮತ್ತು 1ನೇ ತಂತಿ. ಜಿ ಸ್ಕೇಲಿನಲ್ಲಿ 3ನೇ ತಂತಿಯ 4ನೇ ಫ್ರೆಟ್ ಜೊತೆ 1ನೇ ತಂತಿಯ 3, ಆಮೇಲೆ 5 ಜೊತೆ 5, 7 ಜೊತೆ 7, 9 ಜೊತೆ 8. 3ನೇದಕ್ಕೆ ಪಿಕ್, 1ನೇದಕ್ಕೆ ಉಂಗುರ ಬೆರಳು. ಕೆಲಸವಿಲ್ಲದ ನಡುಬೆರಳು 2ನೇ ತಂತಿಯ ಮೇಲೆ ಮಲಗಿ ಅದನ್ನು ಮುಚ್ಚಿರಲಿ.

ಪೆಡಲ್ ಸ್ಟೀಲಿನ (ಮಲಗಿಸಿ, ತಂತಿಯ ಮೇಲೆ ಲೋಹದ ಸರಳು ಜಾರಿಸಿ ನುಡಿಸುವ ಗಿಟಾರಿನ) ಹಾಗೆ ಅಳುವ ಬೆಂಡ್ (ತಂತಿ ತಳ್ಳಿ ಸ್ವರ ಏರಿಸುವುದು) ಬೇಕಾದರೆ ಎ ಕಾರ್ಡಿನಲ್ಲಿ ಶುರುಮಾಡಿ: 3ನೇ ತಂತಿ 4ನೇ ಫ್ರೆಟ್, 2ನೇದು 5, 1ನೇದು 5. ಮೂರನ್ನೂ ಪಿಕ್, ನಡುಬೆರಳು, ಉಂಗುರ ಬೆರಳಿನಿಂದ ಒಟ್ಟಿಗೆ ಚಿವುಟಿ, 3ನೇ ತಂತಿಯನ್ನು ಮಾತ್ರ ಒಂದು ಪೂರ್ಣ ಸ್ವರ ಮೇಲಕ್ಕೆ ತಳ್ಳಿ. ಬಿ ಹೋಗಿ ಸಿ ಶಾರ್ಪ್ ಆಗಬೇಕು. ಸರಿಯಾಯಿತೇ ಎಂದು ಅದೇ ತಂತಿಯ 6ನೇ ಫ್ರೆಟ್ ನುಡಿಸಿ ಹೋಲಿಸಿಕೊಳ್ಳಿ. ಅಲ್ಲಾಡುವ ಟ್ರೆಮೊಲೊ ಬ್ರಿಡ್ಜ್ ಇದ್ದರೆ ಒಂದು ತಂತಿ ತಳ್ಳಿದಾಗ ಉಳಿದೆರಡು ಸಡಿಲಾಗಿ ಅಪಶ್ರುತಿ ಬರುತ್ತದೆ. ಅದು ಕೈಯ ತಪ್ಪಲ್ಲ. 1951ರಿಂದ ಟೆಲಿಕಾಸ್ಟರ್ ಎಂಬ ಹೆಸರಿನಲ್ಲಿ ಬಂದ ಗಿಟಾರ್ ಕಂಟ್ರಿಯವರಿಗೆ ಒಗ್ಗಿದ್ದಕ್ಕೆ ಅದರ ಅಲುಗಾಡದ ಬ್ರಿಡ್ಜೂ ಒಂದು ಕಾರಣ. ಅಕೂಸ್ಟಿಕ್‌ನಲ್ಲಿ 3ನೇ ತಂತಿಗೆ ಸಾಮಾನ್ಯವಾಗಿ ಸುರುಳಿ ಸುತ್ತಿರುವುದರಿಂದ ಈ ಬೆಂಡಿನ ಆಸೆ ಬಿಡಿ. ಉಳಿದದ್ದೆಲ್ಲ ಅದರಲ್ಲೂ ಕಲಿಯಬಹುದು.

ಉಗುರಿನ ವಿಷಯ ಊರಿನ ಹವೆಗೆ ಅಂಟಿಕೊಂಡದ್ದು. ಬೆರಳ ತುದಿಯಿಂದ ಸುಮಾರು ಒಂದು ಮಿಮೀ ಉಗುರು ಹೊರಗಿದ್ದರೆ ಮಾಂಸ ಮತ್ತು ಉಗುರು ಎರಡೂ ತಂತಿಗೆ ತಾಗಿ ಪಿಕ್ಕಿಗೆ ಹತ್ತಿರದ ಧ್ವನಿ ಬರುತ್ತದೆ. ಆದರೆ ಮಳೆಗಾಲದ ನಾಲ್ಕು ತಿಂಗಳು ಕರಾವಳಿಯಲ್ಲಿ ಉಗುರು ಮೆತ್ತಗಾಗಿರುತ್ತದೆ, ಮೀನು ತೊಳೆಯುವ ಕೈಯಾದರೆ ಕೇಳುವುದೇ ಬೇಡ. ಶಿರಸಿ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಬೆರಳ ಚರ್ಮವೇ ಒರಟಾಗಿ ತಂತಿಗೆ ಸಿಕ್ಕಿಕೊಳ್ಳುತ್ತದೆ. ಇಂಥವರು ಉಗುರನ್ನು ನಂಬದೆ ಬರಿ ಮಾಂಸದಲ್ಲೇ ಅಭ್ಯಾಸ ಮಾಡುವುದು ಒಳ್ಳೆಯದು, ನಾನೂ ಅದಕ್ಕೇ ಬಂದೆ. ಧ್ವನಿ ಸ್ವಲ್ಪ ದುಂಡಗಾಗುತ್ತದೆ, ಅದನ್ನು ಆಂಪಿನ ಟ್ರೆಬಲ್‌ನಲ್ಲಿ ಸರಿದೂಗಿಸಬಹುದು. ಉಗುರು ಇಟ್ಟುಕೊಳ್ಳುವವರು ಹಾರ್ಡ್‌ವೇರ್ ಅಂಗಡಿಯ 400ರ ಪಾಲಿಶ್ ಪೇಪರಿನಲ್ಲಿ ಆಕಾರ ಕೊಟ್ಟು 1000ದಲ್ಲಿ ಅಂಚು ನುಣುಪು ಮಾಡಿ. ಅಂಚು ಒರಟಿದ್ದರೆ ತಂತಿ ಬಿಡುವಾಗ ಕರಕರ ಎನ್ನುತ್ತದೆ.

ಉಪ್ಪುಗಾಳಿಗೆ ತಂತಿಗೂ ಆಯುಸ್ಸಿಲ್ಲ. ಮಳೆಗಾಲದಲ್ಲಿ ಸುರುಳಿಯಿಲ್ಲದ ಮೂರು ತೆಳು ತಂತಿಗಳ ಮೇಲೆ ಕೆಂಪು ಚುಕ್ಕೆ ಮೂಡಲು ಎರಡು ಮೂರು ವಾರ ಸಾಕು. ಆ ಚುಕ್ಕೆ ಬಲಗೈ ಬೆರಳನ್ನೂ ಉಗುರನ್ನೂ ಅರದಂತೆ ತಿನ್ನುತ್ತದೆ. ದಪ್ಪ ತಂತಿಯ ಸುರುಳಿಯೊಳಗೆ ಕೊಳೆ ಕೂತರೆ ‘ಟಿಕ್’ನ ಚುರುಕು ಹೋಗುತ್ತದೆ. ನುಡಿಸಿದ ಕೂಡಲೇ ಒಣ ಹತ್ತಿ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಸೇರಿಸಿ ಒರೆಸಿ, ಗಿಟಾರನ್ನು ಗೋಡೆಗೆ ನೇತುಹಾಕದೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಪೆಟ್ಟಿಗೆಯಲ್ಲಿಡಿ. ನಾನು 10–46 ಕಟ್ಟುತ್ತೇನೆ. ಬೆಂಡಿಗೆ 9–42 ಹಗುರ, ಆದರೆ ಎಳೆಯುವ ಬೆರಳಿಗೆ 10ರ ಬಿಗಿ ಹೆಚ್ಚು ಭರವಸೆ ಕೊಡುತ್ತದೆ.

ಕಂಪ್ರೆಸರ್ ಎಂಬ ಧ್ವನಿ ಉಪಕರಣದ ಬಗ್ಗೆ ಒಂದು ಮಾತು. ಅದು ಸತ್ತ ಸ್ವರವನ್ನೂ ಬದುಕಿದ ಸ್ವರವನ್ನೂ ಹತ್ತಿರದ ಮಟ್ಟಕ್ಕೆ ತರುತ್ತದೆ, ಅದಕ್ಕೇ ಕಂಟ್ರಿಯವರಿಗೆ ಪ್ರಿಯ. ಅಭ್ಯಾಸದಲ್ಲಿ ಹಾಕಬೇಡಿ. ಉಂಗುರ ಬೆರಳಿನ ಸೋಮಾರಿತನವನ್ನು ಅದು ಮುಚ್ಚಿಡುತ್ತದೆ. ನುಡಿಸಿ ಕೇಳಿಸುವಾಗ ಬ್ರಿಡ್ಜ್ ಪಿಕಪ್ (ಬ್ರಿಡ್ಜಿನ ಬಳಿ ತಂತಿಯ ದನಿ ಹಿಡಿಯುವ ಭಾಗ), ಕಂಪ್ರೆಸರಿನ ಅಟ್ಯಾಕ್ (ಅದು ಕೆಲಸ ಶುರುಮಾಡುವ ವೇಗ) ಸ್ವಲ್ಪ ನಿಧಾನಕ್ಕೆ, 100–120 ಮಿಲಿಸೆಕೆಂಡಿನ ಒಂದೇ ಮರುದನಿ.

ದಿನಕ್ಕೆ 25 ನಿಮಿಷ: ಹತ್ತು ರೋಲ್‌ಗೆ, ಹತ್ತು ಟಿಕ್‌ಗೆ, ಐದು ಜೋಡಿ ಸ್ವರಗಳಿಗೆ. ಭುಜ ಮೇಲೇರಿತು ಅಥವಾ ಮಣಿಕಟ್ಟು ಬಿಗಿಯಿತು ಎಂದರೆ ಕೈ ಕೆಳಗಿಳಿಸಿ ಅರ್ಧ ನಿಮಿಷ ಜೋತುಬಿಡಿ. ಬೆರಳು ಜೋಮು ಹಿಡಿದರೆ ಆ ದಿನದ ಅಭ್ಯಾಸ ಅಲ್ಲಿಗೆ ಬಂದ್. ವಾರಕ್ಕೊಮ್ಮೆ ಒಂದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ, ಅರ್ಧ ವೇಗದಲ್ಲಿ ಹಾಕಿ, ಸ್ವರಗಳನ್ನು ಬಿಟ್ಟು ಅವುಗಳ ನಡುವಿನ ಖಾಲಿ ಜಾಗಗಳನ್ನಷ್ಟೇ ಕೇಳಿ. ಒಂದು ಉದ್ದ ಒಂದು ಗಿಡ್ಡ ಇದ್ದರೆ ಮೆಟ್ರೊನೋಮನ್ನು 8 ಇಳಿಸಬೇಕು.